ಕ್ರೀಡಾ ಪ್ರಸಾರ ‘ನಾವೆಲ್ಲ ಒಂದು ದೇಶ’ ಎಂಬ ಭಾವನೆಯನ್ನು ಹೇಗೆ ಹುಟ್ಟಿಸುತ್ತದೆ?

ಮುಖ್ಯವಾಗಿ ‘ನಾವು’ ಎಂಬ ಒಂದೇ ಪದದಿಂದ. ಮೈದಾನದಲ್ಲಿ ಆಡುವವರು ಹನ್ನೊಂದೇ ಜನ; ಆದರೂ ವೀಕ್ಷಕ ವಿವರಣೆಗಾರ ‘ನಾವು ಗೆದ್ದೆವು’ ಎಂದೊಡನೆ ಮನೆಯಲ್ಲಿ ಕೂತವರೂ ಗೆದ್ದಂತೆ. ಪರಸ್ಪರ ಮುಖವನ್ನೇ ಕಾಣದ ಕೋಟ್ಯಂತರ ಜನ ಅದೇ ಕ್ಷಣ ಅದೇ ದೃಶ್ಯ ನೋಡುತ್ತಿರುತ್ತಾರೆ, ಹಾಗೆ ನೋಡುತ್ತಿದ್ದೇವೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಒಗ್ಗಟ್ಟಿನ ಅನುಭವ ಹುಟ್ಟುವುದು ಇಲ್ಲಿಂದ. ಧ್ವಜ, ರಾಷ್ಟ್ರಗೀತೆ, ಆಟಗಾರನ ಕಣ್ಣೀರಿನ ಕ್ಲೋಸ್‌ಅಪ್ ಅದಕ್ಕೆ ಒಗ್ಗರಣೆ.

ಎಡವಟ್ಟಾಗುವುದು ಸೋತಾಗ. ವಲಸೆ ಕುಟುಂಬದ ಆಟಗಾರ ಗೆದ್ದರೆ ‘ನಮ್ಮವ’. ಸೋತರೆ ಅವನ ಮೂಲವೇ ಸುದ್ದಿ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಗುಂಪು ಹಂತದಲ್ಲೇ ಹೊರಬಿದ್ದಾಗ, ಟರ್ಕಿ ಮೂಲದ ಮೆಸುಟ್ ಓಝಿಲ್ ಇದೇ ದೂರು ಹೇಳಿ ರಾಷ್ಟ್ರೀಯ ತಂಡ ತೊರೆದರು (ಟರ್ಕಿ ಅಧ್ಯಕ್ಷರ ಜೊತೆಗಿನ ಫೋಟೊ ವಿವಾದವೂ ಹಿನ್ನೆಲೆಯಲ್ಲಿತ್ತು). ಇನ್ನು ಪ್ರಸಾರವೇ ಸಿಗದ ತಂಡಗಳು ಈ ‘ನಾವು’ ಒಳಗೆ ಸೇರುವುದೇ ಇಲ್ಲ.