ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್: ಫ್ಲ್ಯಾಟಿನ ದಿನದ ಕಸಕ್ಕೆ ಸಾಕೇ?

ಪ್ರಶ್ನೆ: ನಮ್ಮದು ಎರಡು ಬೆಡ್‌ರೂಮಿನ, ಸುಮಾರು 1,000 ಚದರಡಿಯ ಫ್ಲ್ಯಾಟು. ಎಲ್ಲ ಕಡೆ ವಿಟ್ರಿಫೈಡ್ ಟೈಲ್ಸ್. ಬಗ್ಗಿ ಗುಡಿಸಿದರೆ ಬೆನ್ನುನೋವು. ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ತೆಗೆದುಕೊಂಡರೆ ದಿನಾ ಗುಡಿಸುವ ಕೆಲಸ ತಪ್ಪೀತೇ? ಅಂಗಡಿಯವರು ಪಾಸ್ಕಲ್ ಲೆಕ್ಕ ಹೇಳುತ್ತಾರೆ, ತಲೆಬುಡ ತಿಳಿಯುವುದಿಲ್ಲ.
— ಓದುಗರು, ಕಾಸರಗೋಡು

ಉತ್ತರ: ಗುಡಿಸುವುದು ತಪ್ಪುತ್ತದೆ, ಒರೆಸುವುದು ತಪ್ಪುವುದಿಲ್ಲ. ಇಷ್ಟನ್ನು ಒಪ್ಪಿಕೊಂಡರೆ ನಿಮ್ಮಂಥ ಮನೆಗೆ ಇದು ಒಳ್ಳೆಯ ಸಾಧನವೇ.

ಪಾಸ್ಕಲ್ ಅಂಕಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕೊಳವೆಯ ಬಾಯಿ ಮುಚ್ಚಿದಾಗ ಯಂತ್ರ ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದಷ್ಟೇ ಅದು. ಕಸವನ್ನು ಹೊತ್ತೊಯ್ಯುವುದು ಗಾಳಿಯ ಹರಿವು. ಅದು ಆ ಅಂಕಿಯಲ್ಲಿ ಕಾಣುವುದಿಲ್ಲ. ಅದರ ಬದಲು ಬ್ಯಾಟರಿಯ ಮೇಲೆ ಬರೆದಿರುವುದನ್ನು ಓದಿ. 25.2 ವೋಲ್ಟ್, 2,500 ಎಂಎಎಚ್ ಎಂದಿದ್ದರೆ ಅದರಲ್ಲಿರುವುದು ಸುಮಾರು 63 ವ್ಯಾಟ್-ಗಂಟೆಯ ಶಕ್ತಿ. 400 ವ್ಯಾಟಿನ ಟರ್ಬೊದಲ್ಲಿ ಓಡಿಸಿದರೆ ಒಂಬತ್ತೇ ನಿಮಿಷ. 100 ವ್ಯಾಟಿನ ಸಾಧಾರಣ ವೇಗದಲ್ಲಾದರೆ 35 ನಿಮಿಷ ದಾಟುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ‘60 ನಿಮಿಷ’ ಸಾಮಾನ್ಯವಾಗಿ ಅತಿ ಕಡಿಮೆ ವೇಗದ್ದು, ಕೆಲವೊಮ್ಮೆ ನೆಲ ಗುಡಿಸುವ ರೋಲರ್ ತಿರುಗದೇ ಇದ್ದಾಗಿನದ್ದು. ನಿಮ್ಮ ಮನೆಯ ನೆಲಕ್ಕೆ ದಿನಕ್ಕೆ 15ರಿಂದ 20 ನಿಮಿಷ ಸಾಕು. ಹಾಗಾಗಿ ಸಾಧಾರಣ ವೇಗದಲ್ಲಿ ಎಷ್ಟು ನಿಮಿಷ ಓಡುತ್ತದೆ ಎಂದು ಕೇಳಿ. ಟರ್ಬೊ ಸೋಫಾದ ಸಂದಿಗೆ, ಕಾಲೊರಸಿಗೆ ಮಾತ್ರ.

ಟೈಲ್ಸಿಗೆ ಬಟ್ಟೆಯಂತೆ ಮೆತ್ತಗಿರುವ ರೋಲರ್ ಇರುವುದನ್ನೇ ನೋಡಿ. ಗಟ್ಟಿ ಬ್ರಶ್ಶಿನ ರೋಲರ್ ಕಾರ್ಪೆಟ್ಟಿಗೆ ಸರಿ; ಬರೀ ನೆಲದಲ್ಲಿ ಅದು ಚಪ್ಪಲಿಗಂಟಿ ಬಂದ ಮರಳನ್ನು ಎಳೆದುಕೊಳ್ಳುವ ಮೊದಲೇ ಹಿಂದಕ್ಕೆ ಚಿಮ್ಮಿಸುತ್ತದೆ. ಬೆನ್ನುನೋವಿದ್ದವರು ಇನ್ನೊಂದು ಪರೀಕ್ಷೆ ಮಾಡಬೇಕು. ಈ ಯಂತ್ರಗಳಲ್ಲಿ ಮೋಟರು, ಬ್ಯಾಟರಿ ಎರಡೂ ಹಿಡಿಯ ಹತ್ತಿರವೇ ಇರುವುದರಿಂದ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಅಂಗಡಿಯಲ್ಲಿ ಒಂದೇ ಕೈಯಲ್ಲಿ ಎರಡು ನಿಮಿಷ ಹಿಡಿದು ಆಡಿಸಿ ನೋಡಿ. ಬೆನ್ನು ಉಳಿಸಲು ಹೋಗಿ ಕೈನೋವು ತಂದುಕೊಳ್ಳಬಾರದಲ್ಲ!

ಇನ್ನು ಮಳೆಗಾಲ. ನಮ್ಮ ಕರಾವಳಿಯಲ್ಲಿ ಈ ಯಂತ್ರ ಕೆಡುವುದು ಹೆಚ್ಚಾಗಿ ತೇವದಿಂದ. ಮೊದಲು ವ್ಯಾಕ್ಯೂಮ್, ಆಮೇಲೆ ಒರೆಸುವುದು; ಕ್ರಮ ತಿರುಗಿದರೆ ಒದ್ದೆ ದೂಳು ಕೊಳವೆಯೊಳಗೆ ಕೆಸರಾಗಿ ಮೆತ್ತುತ್ತದೆ. ಊಟದ ಮೇಜಿನಡಿ ಬಿದ್ದ ಕುಚ್ಚಲಕ್ಕಿ ಅನ್ನದ ಅಗುಳನ್ನು ಕೈಯಲ್ಲೇ ಹೆಕ್ಕಿ. ಅದು ಕೊಳವೆಯ ಬಾಗಿನಲ್ಲಿ ಅಂಟಿಕೊಂಡರೆ ಮೂರನೇ ದಿನಕ್ಕೆ ವಾಸನೆ, ನಾಲ್ಕನೇ ದಿನಕ್ಕೆ ಇರುವೆ.

ಫಿಲ್ಟರನ್ನು ವಾರಕ್ಕೊಮ್ಮೆ ತಟ್ಟಿ ದೂಳು ಉದುರಿಸಿ, ತಿಂಗಳಿಗೊಮ್ಮೆ ಬರೀ ತಣ್ಣೀರಲ್ಲಿ ತೊಳೆಯಿರಿ, ಸೋಪು ಬೇಡ. ಅತಿ ಸಣ್ಣ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರುಗಳಲ್ಲಿ ಕೆಲವನ್ನು ತೊಳೆಯಲೇಬಾರದು, ಕೈಪಿಡಿ ನೋಡಿಕೊಳ್ಳಿ. ಬೇಸಗೆಯಲ್ಲಿ ನೆರಳಿಗಿಟ್ಟರೆ 24 ಗಂಟೆಗೆ ಒಣಗುತ್ತದೆ. ಆಟಿಯ ಮಳೆಯಲ್ಲಿ ಫ್ಯಾನಿನ ಕೆಳಗಿಟ್ಟರೂ ಎರಡು ದಿನ ಬೇಕಾದೀತು. ಹೊರಗೆ ಒಣಗಿದಂತೆ ಕಂಡರೂ ಮಡಿಕೆಯೊಳಗೆ ಹಸಿ ಇರುತ್ತದೆ. ಅದನ್ನೇ ಹಾಕಿ ಓಡಿಸಿದರೆ ದೂಳು ಅಂಟಿ ಗಾಳಿಯ ದಾರಿ ಕಟ್ಟುತ್ತದೆ, ಬೂಷ್ಟು ಹಿಡಿದ ವಾಸನೆ ಮನೆಯೆಲ್ಲ ಹರಡುತ್ತದೆ, ತೇವ ಮೋಟರಿಗೂ ಹೋಗುತ್ತದೆ. ಅದಕ್ಕೇ ಯಂತ್ರ ಕೊಳ್ಳುವ ದಿನವೇ ಇನ್ನೊಂದು ಫಿಲ್ಟರ್ ಕೊಂಡುಬಿಡಿ. ಬಿಡಿ ಫಿಲ್ಟರ್ ಸಿಗದ ಮಾಡೆಲ್ ಎಷ್ಟೇ ಅಗ್ಗವಾದರೂ ನಮ್ಮ ಊರಿಗೆ ಹೇಳಿದ್ದಲ್ಲ.

ಪ್ರಶ್ನೆ: ಎರಡು ವರ್ಷದ ಹಳೆಯ ಯಂತ್ರ. ಈಗ ಐದು ನಿಮಿಷಕ್ಕೇ ನಿಲ್ಲುತ್ತದೆ. ಬ್ಯಾಟರಿ ಹೋಯಿತೆಂದು ಅರ್ಥವೇ?
— ಓದುಗರು, ಉಪ್ಪಳ

ಉತ್ತರ: ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಒಂದು ಗಮನಿಸಿ. ನಿಂತಾಗ ಚಾರ್ಜಿನ ದೀಪ ಇನ್ನೂ ಅರ್ಧಕ್ಕಿಂತ ಮೇಲಿದ್ದು, ಅರ್ಧ ಗಂಟೆ ಬಿಟ್ಟು ಒತ್ತಿದಾಗ ಮತ್ತೆ ಓಡಿದರೆ, ಬ್ಯಾಟರಿಯದ್ದಲ್ಲ ತಪ್ಪು. ಗಾಳಿಯ ದಾರಿ ಕಟ್ಟಿ ಮೋಟರು ಬಿಸಿಯಾಗಿ ತಾನೇ ನಿಲ್ಲುತ್ತಿದೆ. ಬ್ಯಾಟರಿ ಕಳಚಿಟ್ಟು, ದೂಳಿನ ಡಬ್ಬಿ, ಫಿಲ್ಟರು, ಕೊಳವೆ, ಕೊನೆಗೆ ರೋಲರಿನ ಕುತ್ತಿಗೆ, ಹೀಗೆ ಒಂದೊಂದನ್ನೇ ಬಿಚ್ಚಿ ನೋಡಿ. ರೋಲರಿಗೆ ಸುತ್ತಿದ ಕೂದಲನ್ನು ಉದ್ದಕ್ಕೆ ಕತ್ತರಿ ಹಾಯಿಸಿ ತೆಗೆಯಿರಿ. ಹೆಚ್ಚಿನವರು ಬಿಡುವುದು ಎರಡು ತುದಿಯ ಬೇರಿಂಗುಗಳನ್ನು. ಕೂದಲು, ತೆಂಗಿನ ನಾರು ಬಿಗಿಯಾಗಿ ಸಿಕ್ಕಿಕೊಳ್ಳುವುದು ಅಲ್ಲಿಯೇ.

ಇಷ್ಟಾದರೂ ಪೂರ್ತಿ ಚಾರ್ಜು ಐದೇ ನಿಮಿಷದಲ್ಲಿ ಇಳಿದರೆ ಬ್ಯಾಟರಿ ಮುಗಿದಂತೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಖಾಲಿಯಾದ ಮೇಲೆ ಸೊರಗುವುದು ಸಹಜ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಚಾರ್ಜರ್ ನೇತುಹಾಕಿದ್ದರೆ ಇನ್ನೂ ಬೇಗ. ಕೆಲಸ ಮುಗಿದ ಕೂಡಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಿ. ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವುದಾದರೆ ಅರ್ಧ ಚಾರ್ಜಿನಲ್ಲಿ ಕಳಚಿಡಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಮತ್ತೆ ಚಾರ್ಜ್ ಮಾಡಲೇಬೇಡಿ. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುವ ಪ್ಲಾಸ್ಟಿಕ್ಕಿನ ಚೀಲದೊಳಗೆ ಅದನ್ನು ತುರುಕಬೇಡಿ. ಒತ್ತಿದರೆ ಬೆಂಕಿ ಹಿಡಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರಳಿ ಪಡೆಯುವ ಹೊಣೆ ತಯಾರಕರದ್ದು, ಅವರ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ.

ಪ್ರಶ್ನೆ: ಹೊಸ ಫ್ಲ್ಯಾಟಿನಲ್ಲಿ ಗೋಡೆ ಕೊರೆಸಿದ್ದೇವೆ. ಆ ಸಿಮೆಂಟ್ ಪುಡಿಯನ್ನು ಕಾರ್ಡ್‌ಲೆಸ್‌ನಲ್ಲಿ ಎಳೆಯಬಹುದೇ?
— ಓದುಗರು, ಹೊಸೂರು

ಉತ್ತರ: ಬೇಡ. ಅಷ್ಟು ನುಣುಪಾದ ಪುಡಿ ಡಬ್ಬಿಯಲ್ಲಿ ನಿಲ್ಲದೆ ನೇರ ಫಿಲ್ಟರಿಗೆ ಹೋಗಿ ಕೂರುತ್ತದೆ. ತೊಳೆಯಲು ಹೋದರೆ ಅಲ್ಲೇ ಗಟ್ಟಿಯಾಗುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹೆಚ್ಚಿದ್ದರೆ ಒದ್ದೆ, ಒಣ ಕಸ ಎರಡನ್ನೂ ಎಳೆಯುವ, ದೂಳಿನ ಚೀಲವಿರುವ ವೆಟ್-ಡ್ರೈ ಯಂತ್ರವನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ರಂಗೋಲಿ ಪುಡಿಗೂ ಊದುಬತ್ತಿಯ ಬೂದಿಗೂ ಇದೇ ಮಾತು. ಬೂದಿಯಲ್ಲಿ ಕಿಡಿ ಉಳಿದಿದ್ದರಂತೂ ಗಾಳಿ ಸಿಕ್ಕಿ ಡಬ್ಬಿಯೊಳಗೇ ಹೊತ್ತಿಕೊಂಡೀತು.