‘ಹಿಡಿಯಸ್’ ಪದದೊಳಗಿನ ಭಯ

ಪ್ರಶ್ನೆ: ಇಂಗ್ಲಿಷಿನ ‘ಹಿಡಿಯಸ್’ ಎಂಬ ಪದಕ್ಕೆ ನನ್ನ ತರಗತಿಯ ಮಕ್ಕಳು ‘ಬಚ್ಚಿಡಬೇಕಾದಷ್ಟು ಕುರೂಪವಾದದ್ದು’ ಎಂದು ಅರ್ಥ ಬರೆದಿದ್ದಾರೆ. ಬಚ್ಚಿಡು ಎಂಬ ಅರ್ಥದ ‘ಹೈಡ್’ನಿಂದಲೇ ಅದು ಹುಟ್ಟಿತೆಂಬುದು ಅವರ ವಾದ. ಇದು ಸರಿಯೇ? ಕನ್ನಡದಲ್ಲಿ ಅದಕ್ಕೆ ಯಾವ ಪದ ಒಪ್ಪುತ್ತದೆ?
– ಒಬ್ಬ ಶಿಕ್ಷಕಿ, ವಿರಾಜಪೇಟೆ

ಉತ್ತರ: ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಪದಗಳ (hideous, hide) ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿರುವುದರಿಂದ ಮಕ್ಕಳ ಊಹೆ ಸಹಜವಾದದ್ದೇ, ಆದರೆ ಆ ಪದಗಳಿಗೆ ಪರಸ್ಪರ ನಂಟಿಲ್ಲ. ‘ಹೈಡ್’ ಹಳೆಯ ಇಂಗ್ಲಿಷಿನದೇ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತಾಗಿದ್ದ ಫ್ರೆಂಚಿನಿಂದ ಇಂಗ್ಲಿಷಿಗೆ ಸೇರಿದ ಸಾವಿರಾರು ಪದಗಳಲ್ಲಿ ‘ಹಿಡಿಯಸ್’ ಒಂದು. 1300ರ ಸುಮಾರಿಗೆ ಅದು ಅಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಫ್ರೆಂಚಿನಲ್ಲಿ ಅದರ ಮೂಲಪದಕ್ಕೆ ಭಯ, ದಿಗಿಲು ಎಂದೇ ಅರ್ಥ. ಅದಕ್ಕೂ ಹಿಂದಿನ ಬೇರಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮೊದಲಿಗೆ ‘ಹಿಡಿಯಸ್’ ಎಂದರೆ ಕುರೂಪವಲ್ಲ, ಎದೆ ನಡುಗಿಸುವಂಥದ್ದು. ನೋಡಲಾಗದಷ್ಟು ಅಸಹ್ಯವಾದದ್ದು ಎಂಬ ಅರ್ಥ ಕೂಡಿಕೊಂಡದ್ದು ಆಮೇಲೆ. ಕುರೂಪವನ್ನು ಹೇಳುವ ಸಾಮಾನ್ಯ ಪದವಾದ ‘ಅಗ್ಲಿ’ಯ ಕಥೆಯೂ ಇದೇ ಎಂಬುದು ನನಗೆ ಬಹಳ ಗಮನಾರ್ಹವಾಗಿ ತೋರುತ್ತದೆ: ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದ ಆ ಪದದ ಬೇರಿನಲ್ಲಿರುವುದೂ ಹೆದರು ಎಂಬ ಕ್ರಿಯಾಪದವೇ.

ನಮ್ಮ ಪದಗಳ ದಾರಿ ಬೇರೆ. ‘ಕುರೂಪ’ವು ರೂಪದ ಕೊರತೆಯನ್ನೂ ‘ವಿಕಾರ’ವು ಇದ್ದ ರೂಪ ಮಾರ್ಪಟ್ಟದ್ದನ್ನೂ ಹೇಳುತ್ತವೆ, ಎರಡರಲ್ಲಿಯೂ ಭಯದ ಮಾತಿಲ್ಲ. ಭರತನ ನಾಟ್ಯಶಾಸ್ತ್ರವಂತೂ ಭಯವನ್ನು ಭಯಾನಕ ರಸಕ್ಕೂ ಜುಗುಪ್ಸೆಯನ್ನು ಬೀಭತ್ಸಕ್ಕೂ ಸ್ಥಾಯಿಯಾಗಿ, ಅಂದರೆ ರಸಕ್ಕೆ ಆಧಾರವಾದ ಭಾವವಾಗಿ ಇಟ್ಟು ಅವೆರಡನ್ನೂ ಬೇರ್ಪಡಿಸಿದೆ. ಈ ಭೇದವನ್ನು ಮಕ್ಕಳಿಗೆ ತಿಳಿಸಲು ನಿಮ್ಮ ಕೊಡಗಿನ ಕಡೆ ದೈವದ ವೇಷ ಕಟ್ಟಿ ನಡೆಸುವ ‘ತೆರೆ’ ಎಂಬ ಆಚರಣೆಯನ್ನೇ ನೆನಪಿಸಬಹುದು. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಕೆಂಪು ಬಣ್ಣದ ಮುಖ ಹೊತ್ತು ದೈವ ಎದುರು ಬಂದಾಗ ಎದೆ ಝಲ್ಲೆನ್ನುತ್ತದೆ, ಆದರೆ ಕೈಮುಗಿದು ನಿಂತವರಾರೂ ಅದನ್ನು ಕುರೂಪವೆನ್ನುವುದಿಲ್ಲ. 1300ರ ಇಂಗ್ಲಿಷಿನವನು ಆ ನಡುಕವನ್ನು ‘ಹಿಡಿಯಸ್’ ಎಂದಿರಬಹುದಾದರೂ ಇಂದು ಆ ಪದವನ್ನು ಅಲ್ಲಿ ಬಳಸಿದರೆ ಅಪಚಾರವಾದೀತು.

ಮುಖ, ಆಕಾರಗಳ ವಿಷಯದಲ್ಲಿ ‘ವಿಕರಾಳ’ ಎಂಬುದು ಭಯವನ್ನೂ ಅಂದಗೇಡಿತನವನ್ನೂ ಒಟ್ಟಿಗೆ ಹಿಡಿದಿಡುವುದರಿಂದ ಅದೇ ಹೆಚ್ಚು ಒಪ್ಪುತ್ತದೆ. ಕೃತ್ಯವಾದರೆ ‘ಘೋರ’, ಕಟ್ಟಡವೋ ಬಟ್ಟೆಯೋ ಆದರೆ ‘ಅಸಹ್ಯ’ ಎನ್ನಿ.