ಗುಟ್ಟು ಒಡೆದ ಮೇಲೂ ಈಡಿಪಸ್ ಯಾಕೆ ಮುಗಿಯುವುದಿಲ್ಲ?
ಸೊಫೋಕ್ಲಿಸ್‌ನ ಗ್ರೀಕ್ ನಾಟಕ ‘ಈಡಿಪಸ್’ ಆಡಿಸುವಾಗ, ದೊರೆ ಈಡಿಪಸ್ ತಿಳಿಯದೇ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾದವನು ಎಂಬ ಗುಟ್ಟನ್ನು ಕುರುಬ ಬಾಯಿಬಿಟ್ಟ ಕೂಡಲೇ ತೆರೆ ಎಳೆದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಗ್ರೀಕ್ ಮೂಲದ 1530 ಸಾಲುಗಳಲ್ಲಿ ಗುಟ್ಟು ಒಡೆಯುವುದು 1180ರ ಆಸುಪಾಸಿನಲ್ಲಿ. ಉಳಿದ ಸುಮಾರು 350 ಸಾಲು ಆ ಗುಟ್ಟಿಗೆ ಬೆಲೆ ತೆರುವವರದು.

ಈಡಿಪಸ್‌ನ ತಾಯಿಯೂ ಹೆಂಡತಿಯೂ ಆದ ಜೊಕಾಸ್ಟಳಿಗೆ ಅದಕ್ಕೂ ಮೊದಲೇ ಹೊಳೆದಿರುತ್ತದೆ. ಇನ್ನು ಕೆದಕಬೇಡ ಎಂದು ಬೇಡಿಕೊಂಡು ಒಳಹೋಗುತ್ತಾಳೆ. ಅವಳು ನೇಣು ಹಾಕಿಕೊಂಡದ್ದು, ಅವಳ ಉಡುಪಿನ ಪಿನ್ನುಗಳಿಂದಲೇ ಈಡಿಪಸ್ ತನ್ನ ಕಣ್ಣು ತಿವಿದುಕೊಂಡದ್ದು, ಎರಡೂ ಒಳಗಿನಿಂದ ಬಂದವನ ವರದಿಯಲ್ಲೇ ಗೊತ್ತಾಗುತ್ತವೆ.

ನಾಟಕದ ಜೀವ ಇರುವುದು ಅದರಾಚೆ: ಕುರುಡ ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರ ಕರೆದು, ಇವು ನಿಮ್ಮ ಅಣ್ಣನ ಕೈಗಳು ಎನ್ನುತ್ತಾನೆ. ಇದನ್ನು ಕತ್ತರಿಸಿದರೆ ಬರೀ ಪತ್ತೇದಾರಿ ಕಥೆ ಉಳಿಯುತ್ತದೆ. ಆ ಮಕ್ಕಳಿಗೆ ಮೂಲದಲ್ಲಿ ಒಂದೂ ಮಾತಿಲ್ಲ, ನೀವೂ ಸೇರಿಸಬೇಡಿ.